ರೊಟ್ಟಿಯ ಮೇಲಿನ ಪದರ

ನಮ್ಮ ಅಂಗಳದ ಗೋಡೆಗೆ ಒಂದು ಹಗ್ಗದ ಹೊರಸು ಆನಿಸಿ ನಿಲ್ಲಿಸಿದ್ದೇನೆ. ಅದು ನನ್ನ ಅಪ್ಪನ ಕಾಲದ್ದು. ಹಗ್ಗ ಹಳೆಯದು, ಚೌಕಟ್ಟು ಹಳೆಯದು, ಕಾಲುಗಳು ಮಾತ್ರ ಹೊಸವು, ಕಬ್ಬಿಣದವು. ಮನೆಗೆ ಬಂದವರೆಲ್ಲ ಅವನ್ನು ನೋಡಿ, "ಇದೇನ್ರಿ, ಹೊರಸಿಗೆ ಟ್ರೇಲರಿನ ಕಾಲ ಹಚ್ಚೀರಿ?" ಎಂದು ನಗುತ್ತಾರೆ. ನಾನು, "ಭಾರ ತಡೀಬೇಕಲ್ರಿ" ಎಂದು ಮಾತು ಮುಗಿಸುತ್ತೇನೆ. ಖರೆ ಹೇಳಬೇಕೆಂದರೆ ಆ ಕಾಲುಗಳು ಹೊಟ್ಟೆಕಿಚ್ಚಿನಿಂದ ಹುಟ್ಟಿದವು. ನಿಮ್ಮ ಮುಂದೆ ಮುಚ್ಚಿಡುವಂಥದ್ದು ಏನಿದೆ.

ನಾನು ಕಬ್ಬು ಹೇರುವ ಟ್ರೇಲರು ಕಟ್ಟುವವನು. ಕಲ್ಲೋಳಿಯಿಂದ ಮೂಡಲಗಿಗೆ ಹೋಗುವ ರಸ್ತೆಯ ಬದಿಗೆ ನನ್ನದೊಂದು ಪತ್ರಾಸ್ ತಗಡಿನ ಶೆಡ್ಡು ಇದೆ. ಹಂಗಾಮಿನಲ್ಲಿ ಅಲ್ಲಿ ಕಣ್ಣು ಮುಚ್ಚಿ ನಿಂತರೂ, ಕಬ್ಬು ಹೊತ್ತು ಹೋಗುವ ಗಾಡಿಗಳಲ್ಲಿ ನನ್ನ ಕೈಯದು ಯಾವುದೆಂದು ಸಪ್ಪಳದ ಮೇಲೆ ಹೇಳುತ್ತೇನೆ. ನನ್ನ ಗಾಡಿ ಕಟಕಟ ಅನ್ನುವುದಿಲ್ಲ. ಇದನ್ನು ಜಂಬ ಎಂದರೂ ನಡೆದೀತು. ಜಂಬ ಪಡಲು ಬರುವಷ್ಟು ದುಡಿದಿದ್ದೇನೆ.

ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ದಡ್ಡನಾಗಿದ್ದೆನೆಂದಲ್ಲ, ಲೆಕ್ಕದಲ್ಲಿ ನಾನೇ ಮುಂದಿದ್ದೆ. ಆಗ ನಾವು ಕೊಣ್ಣೂರಿನಲ್ಲಿದ್ದೆವು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ವೆಲ್ಡಿಂಗ್ ಅಂಗಡಿ. ಅಲ್ಲಿ ನನ್ನ ವಾರಿಗೆಯವನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಕಿಡಿ ಹಾರಿಸುತ್ತ ಕೂತಿರುತ್ತಿದ್ದ. ಪಾಟಿಚೀಲ ಹೊತ್ತು ಅವನ ಮುಂದೆ ಹಾದುಹೋಗುವಾಗ ಆ ಕನ್ನಡಕ ನನ್ನ ಮೂಗಿನ ಮೇಲೆ ಇರಬೇಕಿತ್ತು ಅನಿಸುತ್ತಿತ್ತು. ಒಂದು ವಾರ ತಡೆದೆ. ಎರಡನೇ ವಾರ ಪಾಟಿಚೀಲವನ್ನು ಆ ಅಂಗಡಿಯ ಮೂಲೆಯಲ್ಲಿಟ್ಟು ನಾನೂ ಕೂತೆ. ಕನ್ನಡಕ ಒಂದೇ ಇತ್ತು, ಅದು ಅವನದು. ಸಂಜೆ ಕಣ್ಣು ಕೆಂಪಗೆ ಊದಿಸಿಕೊಂಡು ಮನೆಗೆ ಬಂದಾಗ ಅವ್ವ, "ಸಾಲ್ಯಾಗ ಯಾರ ಹೊಡದರು?" ಎಂದಳು. ಹೀಗೆ ನನಗೆ ಕಸುಬು ಬಂದದ್ದೇ ಹೊಟ್ಟೆಕಿಚ್ಚಿನಿಂದ. ಮುಂದೆ ಇನ್ನೊಬ್ಬನ ಸ್ವಂತ ಶೆಡ್ಡು ನೋಡಿ ಸ್ವಂತ ಶೆಡ್ಡು ಹಾಕಿದೆ, ಇನ್ನೊಬ್ಬನ ಸ್ಲ್ಯಾಬಿನ ಮನೆ ನೋಡಿ ಸ್ಲ್ಯಾಬು ಹಾಕಿಸಿದೆ. ಬೇರೆಯವರನ್ನು ಅವರ ಹೊಟ್ಟೆಕಿಚ್ಚು ಸುಡುತ್ತದಂತೆ. ನನ್ನದು ನನಗೆ ದುಡಿದು ಹಾಕಿದೆ. ಅದರ ಬಗ್ಗೆ ನಾನು ಎಂದೂ ನಾಚಿಕೊಂಡಿಲ್ಲ. ಒಬ್ಬ ಷಡ್ಡಕನ ವಿಷಯ ಬಿಟ್ಟು.

ಷಡ್ಡಕ ಅಂದರೆ ನನ್ನ ಹೆಂಡತಿ ಸುನಂದಾಳ ತಂಗಿ ಗೀತಾಳ ಗಂಡ, ಸುರೇಶ. ಹುಕ್ಕೇರಿಯಲ್ಲಿ ಕುರ್ಚಿಯ ಮೇಲಿನ ನೌಕರಿ. ತಪ್ಪದ ಪಗಾರ, ಸಂಜೆಯಾದರೂ ಇಸ್ತ್ರಿ ಮುರಿಯದ ಬಿಳಿ ಅಂಗಿ, ಅಂಗಿಗಿಂತ ಬಿಳಿಯ ಕಾರು. ಕೆಟ್ಟವನಲ್ಲ. ತೊಂದರೆ ಇರುವುದೇ ಅಲ್ಲಿ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ನಾನು ಅವರ ಮನೆಗೆ ಹೋಗುವಾಗ ಗೋಕಾಕಿನಲ್ಲಿ ಬಸ್ಸು ಇಳಿದು ಕರದಂಟು ಕಟ್ಟಿಸಿಕೊಂಡೇ ಹೋಗುತ್ತೇನೆ. ಅವನು ಪೊಟ್ಟಣವನ್ನು ಎರಡೂ ಕೈಯಿಂದ ಇಸಿದುಕೊಂಡು, "ಯಾಕ ತರಾಕ ಹೋದ್ರಿ ಅಣ್ಣಾರ, ಈ ವಯಸ್ಸಿನ್ಯಾಗ ಸಿಹಿ ನೋಡ್ಕೊಂಡ ತಿನಬೇಕ್ರಿ" ಎನ್ನುತ್ತಾನೆ. ಅವನು ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನು. ಯಾರ ವಯಸ್ಸಿನ ಬಗ್ಗೆ ಹೇಳಿದ ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಕೂತು ವಿಚಾರ ಮಾಡುತ್ತೇನೆ.

ಅಕ್ಕತಂಗಿಯರಿಬ್ಬರ ಮದುವೆ ಒಂದೇ ಹಂದರದಲ್ಲಿ ಆಯಿತು. ಶುರುವಾದದ್ದು ಅಲ್ಲಿ. ನಮ್ಮ ಕಡೆ ಮದುವೆಯಲ್ಲಿ ಭೂಮದ ಊಟ ಎಂದು ಇರುತ್ತದೆ. ಮದುಮಗ ಮದುಮಗಳು ಒಂದೇ ತಾಟಿನಲ್ಲಿ ಉಣ್ಣಬೇಕು, ಒಬ್ಬರಿಗೊಬ್ಬರು ತುತ್ತು ಕೊಡಬೇಕು, ಸುತ್ತ ಕೂತ ಹೆಂಗಸರು ಚ್ಯಾಷ್ಟಿ ಮಾಡಬೇಕು. ಸುರೇಶ ಹೋಳಿಗೆಯ ತುಣುಕನ್ನು ಗೀತಾಳ ಬಾಯಿಯ ತನಕ ಒಯ್ದು ಹಿಂದಕ್ಕೆಳೆದ, ಮತ್ತೆ ಒಯ್ದ, ಮತ್ತೆ ಎಳೆದ. ಹಂದರವೆಲ್ಲ ನಕ್ಕಿತು. ಬಾಜೂದಲ್ಲೇ ಕೂತಿದ್ದ ನಾನು ಅದನ್ನು ನೋಡುತ್ತ ಕೊಟ್ಟ ತುತ್ತು ಸುನಂದಾಳ ಬಾಯಿ ತಪ್ಪಿ ಮೂಗುತಿಗೆ ತಾಗಿತು. ತುಪ್ಪ ಗಲ್ಲದ ಮೇಲೆ ಇಳಿಯಿತು. ಹೆಂಗಸರ ಗುಂಪಿನಿಂದ ಒಂದು ದನಿ ಬಂತು: "ವೆಲ್ಡಿಂಗ್ ಮಾಡಾಂವಗ ಬಾಯಿ ಎಲ್ಲೈತಿ ಗೊತ್ತಾಗವಲ್ದು." ಇಪ್ಪತ್ತೆರಡು ವರ್ಷವಾದರೂ ಆ ನಗು ನನ್ನ ಕಿವಿಯಿಂದ ಹೋಗಿಲ್ಲ.

ಆ ಊಟವೊಂದನ್ನು ಬಿಟ್ಟರೆ ನಾನೂ ನನ್ನ ಹೆಂಡತಿಯೂ ಕೂಡಿ ಕೂತು ಉಂಡದ್ದೇ ಇರಲಿಲ್ಲ. ಇದು ಕೊರತೆ ಎಂದು ನನಗೆ ಅನಿಸಿಯೂ ಇರಲಿಲ್ಲ. ಮಧ್ಯಾಹ್ನ ನನ್ನದು ಶೆಡ್ಡಿನಲ್ಲಿ ಬುತ್ತಿ. ಸಂಜೆ ನಾನು ಕೂರುತ್ತೇನೆ, ಅವಳು ರೊಟ್ಟಿ ಬಡಿಯುತ್ತಾಳೆ, ಸುಡುತ್ತಾಳೆ, ಹಾಕುತ್ತಾಳೆ. ನಾನು ಕೈ ತೊಳೆದು ಹೊರಗೆ ಬಂದ ಮೇಲೆ ಅವಳು ಒಳಗೆ ಏನೋ ಉಣ್ಣುತ್ತಾಳೆ. ನನ್ನ ಅವ್ವನೂ ಹಾಗೆಯೇ. ಒಮ್ಮೆ ಶಾಲೆಯಿಂದ ನಡುವೆಯೇ ಪಾಟಿಕಡ್ಡಿ ಒಯ್ಯಲು ಮನೆಗೆ ಓಡಿ ಬಂದೆ. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು. ನನ್ನ ಹೆಜ್ಜೆ ಕೇಳಿದವಳೇ ತಾಟಿನ ಮೇಲೆ ಸೆರಗು ಎಳೆದು, ಏನೋ ಕದ್ದು ಸಿಕ್ಕವಳ ಹಾಗೆ ಎದ್ದು, "ಏನ್ ಬೇಕಪಾ?" ಎಂದಳು. ನಾನು ಪಾಟಿಕಡ್ಡಿ ಬೇಕು ಎಂದೆ. ತಾಟಿನಲ್ಲಿ ಏನಿತ್ತು ಎಂದು ಕೇಳಲಿಲ್ಲ.

ಇರಲಿ, ಎಲ್ಲಿಗೋ ಹೊರಟೆ. ಫೋಟೋದ ಮಾತಿಗೆ ಬರುತ್ತೇನೆ.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಂದು ಮುಂಜಾನೆ ಸುರೇಶ ತನ್ನ ವಾಟ್ಸಾಪ್ ಸ್ಟೇಟಸಿಗೆ ಒಂದು ಫೋಟೋ ಹಾಕಿದ. ಹೈವೇ ಬದಿಗೆ ಹೊಸದಾಗಿ ಹಳ್ಳಿ ನಮೂನೆಯ ಹೋಟೆಲೊಂದು ಆಗಿತ್ತಂತೆ, ಅಲ್ಲಿಗೆ ಗಂಡ ಹೆಂಡತಿ ಇಬ್ಬರೇ ಹೋಗಿದ್ದರು. ಒಂದು ಹೊರಸು, ಅದರ ನಡುವೆ ಅಡ್ಡ ಹಲಗೆ, ಮೇಲೆ ತೂಗುವ ಕಂದೀಲು, ಹಿಂದೆ ಗೋಡೆಗೆ ಎತ್ತಿನ ಗಾಡಿಯ ಗಾಲಿ. ಹೊರಸಿನ ಆ ತುದಿಗೆ ಸುರೇಶ, ಈ ತುದಿಗೆ ಗೀತಾ. ಹಲಗೆಯ ಮೇಲೆ ಹಿತ್ತಾಳೆಯ ತಾಟು, ತಾಟಿನಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಗುರೆಳ್ಳು ಚಟ್ನಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಅಂದರೆ ನಾವು ದಿನಾ ಉಣ್ಣುವುದನ್ನೇ ಅವರು ಕಾರು ಹತ್ತಿ ಹೋಗಿ ಉಂಡು ಬಂದಿದ್ದರು. ನಾನು ನಕ್ಕೆ. ಸುನಂದಾ ನಗಲಿಲ್ಲ. ಎರಡು ಬೆರಳಿನಿಂದ ಫೋಟೋವನ್ನು ಅಗಲ ಮಾಡಿ ಮಾಡಿ ನೋಡಿದಳು.

"ಗೀತಾ ಎಷ್ಟ ಆರಾಮ ಕೂತಾಳ ನೋಡ್ರಿ," ಎಂದಳು.

ಅಷ್ಟೇ ಮಾತು. ಸ್ಟೇಟಸ್ ಮರುದಿನ ಅಳಿಸಿಹೋಯಿತು. ಸುನಂದಾ ತಂಗಿಗೆ ಹೇಳಿ ಆ ಫೋಟೋ ಕಳಿಸಿಕೊಂಡಿದ್ದಳು. ಆಮೇಲೊಂದು ದಿನ ಒಲೆಯ ಮೇಲೆ ಹಾಲಿಟ್ಟು ಅದನ್ನೇ ನೋಡುತ್ತ ನಿಂತಿದ್ದಳು, ಹಾಲು ಉಕ್ಕಿ ಒಲೆ ಆರಿತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಲ್ಲಿ ಹಾಲು ಉಕ್ಕಿದ್ದು ಅದೇ ಮೊದಲು, ಅದೂ ಷಡ್ಡಕನ ಸಲುವಾಗಿ. ಆ ದಿನ ಶೆಡ್ಡಿನಲ್ಲಿ ನಾನು ಹಾಕಿದ ಒಂದು ಬೆಸುಗೆ ಸೊಟ್ಟಗಾಯಿತು. ಒಡೆದು ಮತ್ತೆ ಹಾಕಬೇಕಾಯಿತು.

ಭೂಮದ ಊಟದ ದಿನ ಸೋತವನಿಗೆ ಈಗ ಮತ್ತೆ ಸೋಲುವುದು ಬೇಡವಾಗಿತ್ತು. ನನಗೆ ಬೇಕಾದದ್ದು ದೊಡ್ಡದೇನಲ್ಲ. ಗೀತಾ ಅವನ ಎದುರು ಕೂತ ಹಾಗೆ ಇವಳು ನನ್ನ ಎದುರು ಆರಾಮವಾಗಿ ಕೂತು ಒಂದು ರೊಟ್ಟಿ ಉಣ್ಣಬೇಕು, ಅಷ್ಟೇ.

ಮಗಳು ಅಶ್ವಿನಿ ಗೋಕಾಕಿನ ಹಾಸ್ಟೆಲಿನಲ್ಲಿದ್ದು ಕಾಲೇಜು ಓದುತ್ತಾಳೆ. ಅವಳಿಗೆ ಫೋನು ಮಾಡಿ, ಮಳೆ ಬೆಳೆ ಎಲ್ಲ ಕೇಳಿ, ಕೊನೆಗೆ ಸುತ್ತು ಬಳಸಿ ವಿಷಯಕ್ಕೆ ಬಂದೆ.

"ಅಪ್ಪಾ, ಅದಕ್ಕ ಡೇಟ್ ನೈಟ್ ಅಂತಾರ," ಎಂದಳು. "ಗಂಡಾ ಹೆಂಡ್ತಿ ಇಬ್ಬರ ಕೂತ ಊಟಾ ಮಾಡೂದು."

"ನೈಟ್ ಯಾಕ? ದೀಪಾ ಹಚ್ಚೂ ಹೊತ್ತಿಗೆ ಮುಗಸಿದ್ರ ಆಗೂದಿಲ್ಲೇನ? ಮುಂಜಾನೆ ಒಂದ ಗಾಡಿ ಕೊಡೂದೈತಿ."

"ಆಗತೈತಿ. ಮನ್ಯಾಗ ಮಾಡ್ತೀಯೇನ? ಥೀಮ್ ಏನ?"

"ಹಂಗಂದ್ರ?"

"ಹೆಂಗ ಕಾಣಬೇಕ ಅಂತ. ಕೆಲವರು ಸಿನಿಮಾದಂಗ ಮಾಡ್ತಾರ, ಕೆಲವರು ಹಳ್ಳಿಯಂಗ ಮಾಡ್ತಾರ."

"ಹಳ್ಳಿನ ಇರಲಿ. ಹೆಂಗೂ ಹಳ್ಳ್ಯಾಗ ಅದೀವಿ, ಖರ್ಚ ಬರೂದಿಲ್ಲ."

ಅವಳು ಬಹಳ ಹೊತ್ತು ನಕ್ಕಳು. ಆಮೇಲೆ ಸಾಮಾನಿನ ಚೀಟಿ ಬರೆಸುವ ಹಾಗೆ ಒಂದೊಂದೇ ಹೇಳಿದಳು: ಮಂದ ಬೆಳಕು ಇರಬೇಕು, ಫೋನು ಬಂದ್ ಇರಬೇಕು, ಅವ್ವನಿಗೆ ಮೊದಲೇ ಗೊತ್ತಾಗಬಾರದು.

"ಮತ್ತ ಅಡಗಿ?" ಎಂದಳು.

"ಅಡಗಿ ನಿಮ್ಮವ್ವ ಮಾಡ್ತಾಳ."

"ಅವ್ವಗ ಗೊತ್ತಿರಲಾರದ ಊಟದ ಅಡಗಿ ಅವ್ವನ ಮಾಡ್ತಾಳ?"

"ಮತ್ಯಾರ ಮಾಡ್ತಾರ?"

"ಆತ ಬಿಡಪಾ," ಎಂದಳು. ಏನು ಬಿಡಬೇಕು ಎಂದು ನನಗೆ ತಿಳಿಯಲಿಲ್ಲ. ಕಲಿತ ಮಕ್ಕಳ ಮಾತು ಹಾಗೆಯೇ ಇರುತ್ತದೆ ಎಂದುಕೊಂಡು ಕೆಲಸಕ್ಕೆ ಹತ್ತಿದೆ.

ಕೆಲಸ ಎಂದರೆ ನಾನು ಯಾರಿಗೂ ಕಡಿಮೆಯಿಲ್ಲ. ಅಟ್ಟದ ಮೇಲಿನ ಹೊರಸು ಇಳಿಸಿ ಶೆಡ್ಡಿಗೆ ಒಯ್ದೆ. ಕಾಲುಗಳನ್ನು ಗೆದ್ದಲು ತಿಂದಿತ್ತು. ಟ್ರೇಲರಿಗೆ ಹಾಕಿ ಉಳಿದ ಪೈಪು ಕತ್ತರಿಸಿ ನಾಲ್ಕು ಕಾಲು ಹಚ್ಚಿದೆ. ಹೋಟೆಲಿನ ಹೊರಸು ಅಲ್ಲಾಡಿದರೂ ಅಲ್ಲಾಡೀತು, ನನ್ನದರ ಮೇಲೆ ಎಮ್ಮೆ ಮಲಗಬಹುದಿತ್ತು. ಒಂದು ತುದಿಗೆ ನಾನು ಕೂತು ನೋಡಿದೆ. ಹಗ್ಗ ಜೋಲುಬಿತ್ತು. ಇನ್ನೊಂದು ತುದಿಗೆ ಸುನಂದಾಳ ಬದಲು ಅರ್ಧ ಚೀಲ ಸಿಮೆಂಟು ಇಟ್ಟೆ, ಅದು ಮೆಲ್ಲಗೆ ಜಾರುತ್ತ ಬಂದು ನನ್ನ ತೊಡೆಗೆ ಆನಿತು. ಹುಕ್ಕೇರಿಯವರ ಫೋಟೋದಲ್ಲಿ ಇಬ್ಬರೂ ತಮ್ಮ ತಮ್ಮ ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಸುರೇಶ ತೆಳ್ಳಗಿದ್ದಾನೆ ಎಂಬುದೂ ಆಗ ನೆನಪಾಗಿ ಇನ್ನಷ್ಟು ಉರಿಯಿತು. ಹಗ್ಗವನ್ನು ಬಿಚ್ಚಿ, ಬಾರಿಸಿದರೆ ನಾದ ಬರುವಷ್ಟು ಬಿಗಿದೆ.

ಅಡ್ಡ ಹಲಗೆಗೆ ಒಬ್ಬ ಗಿರಾಕಿಯ ಟ್ರೇಲರಿನ ಹಿಂಬಾಗಿಲ ಹಲಗೆಯನ್ನು ಒಂದು ಸಂಜೆಯ ಮಟ್ಟಿಗೆ ತಂದೆ. ಎತ್ತಿನ ಗಾಡಿಯ ಗಾಲಿ ಈಗ ನಮ್ಮೂರಲ್ಲಿ ಎಲ್ಲಿ ಸಿಗಬೇಕು, ಅವೆಲ್ಲ ಹೋಟೆಲುಗಳಿಗೆ ಹೋಗಿವೆ. ಶೆಡ್ಡಿನಲ್ಲಿದ್ದ ಟ್ರೇಲರಿನ ಟೈರನ್ನೇ ಉರುಳಿಸಿ ತಂದು ಗೋಡೆಗೆ ನಿಲ್ಲಿಸಿದೆ. ಇನ್ನು ಕಂದೀಲು. ಅದು ಇದ್ದದ್ದು ಬಾಜೂ ಮನೆಯ ನೀಲಕ್ಕನ ಹತ್ತಿರ. ನೀಲಕ್ಕ ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವಳು, ಮಾತು ಒರಟು. ಅವಳ ಸೊಸೆ ಮುಂಜಾನೆ ಹೊಲಿಗೆಯ ಕೆಲಸಕ್ಕೆ ಹೋದವಳು ಸಂಜೆ ಬರುತ್ತಾಳೆ, ಅಲ್ಲಿಯ ತನಕ ನೀಲಕ್ಕ ನಮ್ಮ ಮನೆಯವಳೇ.

"ಕಂದೀಲ ಯಾಕ ಬೇಕ ತಮ್ಮಾ?"

"ಶೆಡ್ಡಿನ್ಯಾಗ ಕೆಲಸ ಐತಿ."

"ಶೆಡ್ಡಿನ್ಯಾಗ ಕರೆಂಟ್ ಇಲ್ಲೇನ? ಮತ್ತ ಬೆಸಗಿ ಬೆಂಕಿ ಬಾಯಿಲೆ ಊದತೀಯೇನ?" ಎಂದು ಕೊಟ್ಟಳು.

ಆ ದಿನ ಮುಂಜಾನೆ ಬುತ್ತಿ ಇಸಿದುಕೊಳ್ಳುವಾಗ ಸುನಂದಾಳಿಗೆ ಹೇಳಿದೆ, "ಇವತ್ತ ಸಂಜೀಕ ಎಣ್ಣಿಗಾಯಿ, ಝುಣಕಾ ಮಾಡ. ಗುರೆಳ್ಳ ಚಟ್ನಿನೂ ಇರಲಿ. ಸಿಹಿಗೆ ಮಾದ್ಲಿನೂ ಮಾಡ."

"ಯಾರ ಬರಾಕತ್ತಾರ?"

"ಯಾರೂ ಇಲ್ಲ."

"ಯಾರೂ ಇಲ್ಲದ್ದಕ್ಕ ಮಾದ್ಲಿ ಮಾಡಬೇಕ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಹಿತ್ತಲಲ್ಲಿ ಎಮ್ಮೆ ಇದೆ, ಅದರ ಸಗಣಿಯಿದೆ. ಇಷ್ಟು ಹಳ್ಳಿತನ ಫೋಟೋದಲ್ಲಿ ಇರಲಿಲ್ಲ. ಆದ್ದರಿಂದ ಹೊರಸನ್ನು ಮುಂದಿನ ಅಂಗಳದಲ್ಲಿ ಹಾಕಿದೆ. ತಪ್ಪಾದದ್ದು ಅಲ್ಲಿಯೇ. ನಮ್ಮ ಅಂಗಳಕ್ಕೆ ಕಂಪೌಂಡಿಲ್ಲ, ಮುಂದೆಯೇ ಓಣಿ, ಅದು ಹೊಲದಿಂದ ಜನ ಮರಳುವ ಹೊತ್ತು. ನಮ್ಮಲ್ಲಿ ಒಂದು ರೀತಿಯಿದೆ, ನಿಮಗೂ ಗೊತ್ತಿರುತ್ತದೆ. ಉಣ್ಣುವಾಗ ಯಾರಾದರೂ ಕಣ್ಣಿಗೆ ಬಿದ್ದರೆ "ಬರ್ರಿ ಊಟಕ್ಕ" ಅನ್ನಲೇಬೇಕು. ಕರೆಸಿಕೊಂಡವರು ಹೊಟ್ಟೆ ಹಸಿದಿದ್ದರೂ "ಆಗೈತ್ರಿ, ಮಾಡ್ರಿ" ಎಂದು ಮುಂದೆ ಹೋಗಬೇಕು. ಅವರು ನಿಂತು ಮಾತಾಡಿ ಹೋಗುವ ತನಕ ಇವರು ತುತ್ತು ಎತ್ತಬಾರದು. ಒಳಗೆ ಉಣ್ಣುವವರಿಗೆ ಇದರ ತ್ರಾಸಿಲ್ಲ. ಓಣಿಗೆ ಮುಖ ಮಾಡಿ ತಾಟು ಇಟ್ಟುಕೊಂಡವನಿಗೆ ಏನಾಗುತ್ತದೆ ಎಂದು ನಾನು ವಿಚಾರ ಮಾಡಿರಲಿಲ್ಲ. ಹುಕ್ಕೇರಿಯವರಿಗೆ ಹೋಟೆಲಿನಲ್ಲಿ ಯಾರನ್ನೂ ಕರೆಯುವ ಗರಜು ಇರಲಿಲ್ಲವಲ್ಲ.

ಬಲ್ಬು ಆರಿಸಿ ಕಂದೀಲು ಹಚ್ಚಿದೆ. ಸುನಂದಾ ಹೊರಗೆ ಬಂದವಳು ಹೊರಸು ನೋಡಿದಳು, ಹಲಗೆ ನೋಡಿದಳು, ಕಂದೀಲು ನೋಡಿದಳು. ಟೈರಿನ ಮೇಲೆ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನ್ರಿ ಇದು?"

"ಕುಂದರ. ಇಲ್ಲೆ ಕೂಡಿ ಊಟಾ ಮಾಡೂದು."

"ಬ್ಯಾರೆ ಯಾರರ ನೋಡಿದ್ರ?"

"ನೋಡ್ಲಿ."

ಅವಳು ಎರಡು ತಾಟು ಬಡಿಸಿ ತಂದು ಹಲಗೆಯ ಮೇಲಿಟ್ಟು ಹೊರಸಿನ ತುದಿಗೆ, ಬಸ್ಸಿನಲ್ಲಿ ಪರರ ಸೀಟಿನಲ್ಲಿ ಕೂತವಳ ಹಾಗೆ ಕೂತಳು. ನಾನು ರೊಟ್ಟಿ ಮುರಿದೆ. ಆಗಲೇ ಓಣಿಯಲ್ಲಿ ಮಲ್ಲಪ್ಪ ಕಾಕಾ ಬಂದರು. ಅವರ ಹೊಲ ನಮ್ಮ ಮನೆಯ ಹಿಂದೆಯೇ ಇದೆ.

"ಬರ್ರಿ ಕಾಕಾ, ಊಟಕ್ಕ."

"ಆಗೈತಿ, ಮಾಡ್ರಿ. ಯಾಕ, ಕರೆಂಟ್ ಹೋಗೈತೇನ? ನಮ್ಮ ಕಡೆ ಐತೆಲಾ."

"ಇಲ್ರಿ, ಹಂಗ ಕೂತೇವ್ರಿ."

"ಫ್ಯೂಜ್ ಹೋಗಿರಬೇಕ ತಡಿ, ನೋಡ್ತೇನಿ," ಎಂದು ಕಾಕಾ ಪಡಸಾಲೆ ಹತ್ತಿ, ಮೀಟರಿನ ಡಬ್ಬಿ ತೆಗೆದು, ಫ್ಯೂಜು ಕಿತ್ತು, ಊದಿ, ತಿರುಗಿ ಹಾಕಿ, ಬಟನ್ ಒತ್ತಿದರು. ಅಂಗಳದಲ್ಲಿ ಝಗ್ಗನೆ ಬೆಳಕಾಯಿತು. "ನೋಡ, ಬಂತ," ಎಂದು ಕೈ ಝಾಡಿಸಿಕೊಂಡು ಹೊರಟರು. ನಾನು "ಉಪಕಾರ ಆತ್ರಿ" ಎಂದೆ. ಅವರು ಮರೆಯಾದ ಮೇಲೆ ಎದ್ದು ಹೋಗಿ ಆರಿಸಿದೆ. ಬರುವಷ್ಟರಲ್ಲಿ ಸುನಂದಾ ಮೊಸರು ತರಲು ಒಳಗೆ ಹೋಗಿದ್ದಳು.

ಆಮೇಲೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸರಿಬ್ಬರು. "ಬರ್ರಿ ಊಟಕ್ಕ." "ಆಗೈತ್ರಿ. ಅಣ್ಣಾಗ ಆರಾಮಿಲ್ಲೇನ ಸುನಂದಕ್ಕಾ, ಹೊರಸ ಹೊರಗ ಹಾಕೀರಿ?" ಸುನಂದಾ ಎದ್ದು ನಿಂತು, ಹಾಗೇನಿಲ್ಲ, ಆರಾಮಿದ್ದಾರೆ ಎಂದು ವಿವರಿಸಿದಳು. ಅವರು ಹೋದ ಮೇಲೆ ನೀರು ತರಲು ಒಳಗೆ ಹೋದಳು. ನೀರು ಬಂದ ಮೇಲೆ ಉಪ್ಪಿಗೆ. ಆಮೇಲೆ ನನ್ನ ತಾಟಿನಲ್ಲಿ ರೊಟ್ಟಿ ಮುಗಿಯಿತೆಂದು ಮತ್ತೆ ಎದ್ದಳು. ನನ್ನದು ಮೂರು ರೊಟ್ಟಿ ಆಗಿದ್ದವು. ಅವಳ ತಾಟು ಹಾಕಿದ ಹಾಗೆಯೇ ಇತ್ತು.

"ಒಂದ ತುತ್ತರ ತಿನ್ನಲಾ," ಎಂದೆ. ನನ್ನ ದನಿ ಸ್ವಲ್ಪ ಬಿಗಿಯಾಗಿತ್ತು.

"ನೀವ ಹಂಗ ಎದರಿಗೆ ಕೂತ ನೋಡಾಕತ್ರ ತುತ್ತ ಇಳಿಯೂದಿಲ್ಲರಿ," ಎಂದಳು.

ಹುಕ್ಕೇರಿಯಲ್ಲಿ ಗೀತಾಳಿಗೆ ಇಳಿಯುತ್ತದೆ. ಹಾಗೆಂದು ಬಾಯಿಯ ತನಕ ಬಂದಿತ್ತು, ಅಷ್ಟರಲ್ಲಿ ನೀಲಕ್ಕ ಬಂದಳು. ತನ್ನ ಕಂದೀಲನ್ನು ದೂರದಿಂದಲೇ ಗುರುತು ಹಿಡಿದು ಬಂದಿದ್ದಳು.

"ಬಾ ನೀಲಕ್ಕಾ, ಊಟಾ ಮಾಡೂಣು," ಎಂದಳು ಸುನಂದಾ.

ಎಲ್ಲರೂ ಆಗೈತಿ ಅನ್ನಬೇಕಾದ ಜಾಗದಲ್ಲಿ ನೀಲಕ್ಕ, "ಏನ ಮಾಡೀ?" ಎಂದಳು. ಹಲಗೆಯ ಮೇಲೆ ಇಣುಕಿ, "ಮಾದ್ಲಿ ಮಾಡೀರಿ? ಯವ್ವಾ," ಎಂದು ಹೊರಸಿನ ಕಾಲಿಗೆ ಆನಿಕೊಂಡು ನೆಲಕ್ಕೆ ಕೂತೇಬಿಟ್ಟಳು. "ಈ ಮಂಚದ ಮ್ಯಾಲ ಕೂತ ಉಣ್ಣಾಕ ನನಗ ಆಗೂದಿಲ್ಲ."

"ನನಗೂ ಆಗವಲ್ದ ನೋಡ," ಎನ್ನುತ್ತ ಸುನಂದಾ ನನ್ನ ಬಿಗಿ ಹಗ್ಗದ ಹೊರಸಿನಿಂದ ಇಳಿದು ಅವಳ ಬಾಜೂ ಕೂತಳು. ತನ್ನ ತಾಟನ್ನು ಇಬ್ಬರ ನಡುವೆ ಎಳೆದುಕೊಂಡಳು. ಕಾಲು ಚಾಚಿದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡಿರದ ಒಂದು ಆರಾಮ ಅವಳ ಭುಜಕ್ಕೆ ಬಂತು. ನಾನು ಮೇಲೆ, ಕಂದೀಲಿನ ಕೆಳಗೆ, ಬಸ್ಸು ತಪ್ಪಿ ಸ್ಟ್ಯಾಂಡಿನಲ್ಲಿ ಕೂತವನ ಹಾಗೆ ಒಬ್ಬನೇ ಇದ್ದೆ.

"ರೀ, ಒಳಗ ಹೆಂಚಿನ ಬಾಜೂಕ ಇನ್ನೂ ನಾಕ ರೊಟ್ಟಿ ಅದಾವ, ತರ್ರಿ," ಎಂದಳು. ತಂದೆ.

ಆಗ ನೋಡಿದೆ. ಸುನಂದಾ ರೊಟ್ಟಿಯನ್ನು ಮುರಿಯಲಿಲ್ಲ. ಅಂಚಿಗೆ ಉಗುರು ಹಾಕಿ, ಉಬ್ಬಿದಾಗ ಮೇಲೆದ್ದ ತೆಳ್ಳಗಿನ ಪದರವನ್ನು ಕಾಗದ ಬಿಡಿಸಿದ ಹಾಗೆ ಅಖಂಡವಾಗಿ ಬಿಡಿಸಿದಳು. ಅದನ್ನು ಎರಡು ಮಾಡಿ, ಅರ್ಧ ನೀಲಕ್ಕನ ಮುಂದೆ ಇಟ್ಟಳು. ಇನ್ನರ್ಧವನ್ನು ಬರೀ ಚಟ್ನಿಗೆ ಒತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ನಾನು ನೋಡುವುದನ್ನು ನೀಲಕ್ಕ ನೋಡಿದಳು. "ಈಕಿ ಮೊದಲ ಪದರ ತಿಂತಾಳ. ನಿನಗ ಗೊತ್ತಿಲ್ಲೇನ ತಮ್ಮಾ?"

ಗೊತ್ತಿರಲಿಲ್ಲ. ಟ್ರೇಲರಿನ ಸಪ್ಪಳ ಗುರುತಿಸುವ ನನಗೆ ನನ್ನ ಹೆಂಡತಿ ರೊಟ್ಟಿ ಹೇಗೆ ತಿನ್ನುತ್ತಾಳೆ ಎಂದು ಗೊತ್ತಿರಲಿಲ್ಲ. ನೀಲಕ್ಕನಿಗೆ ಗೊತ್ತಿತ್ತು. ದಿನಾ ಮಧ್ಯಾಹ್ನ ನಾನು ಶೆಡ್ಡಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಇವರಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಹೀಗೆಯೇ ಕೂರುತ್ತಾರಂತೆ. ಎಷ್ಟು ವರ್ಷದಿಂದ ಆ ಅರ್ಧ ಪದರ ಅವಳಿಗೆ ಹೋಗುತ್ತಿದೆಯೋ. ಆ ಕ್ಷಣ ಷಡ್ಡಕ, ಅವನ ಅಂಗಿ, ಅವನ ಕಾರು ಎಲ್ಲ ನನ್ನ ಹೊಟ್ಟೆಯಿಂದ ಇಳಿದುಹೋದವು. ಖಾಲಿಯಾದ ಜಾಗದಲ್ಲಿ ನೀಲಕ್ಕ ಬಂದು ಕೂತಳು.

ಅವಳು ಅಲ್ಲಿಗೂ ಬಿಡಲಿಲ್ಲ. ಹೊರಸು, ಹಲಗೆ, ಕಂದೀಲು, ಟೈರು ಎಲ್ಲದರ ಮೇಲೆ ಕಣ್ಣಾಡಿಸಿ, "ಓ, ಇದು ಗೀತಾನ ಫೋಟೋ ಹಂಗ ಮಾಡೀ," ಎಂದಳು. "ಬರೊಬ್ಬರಿ ಮಾಡೀ. ಆದ್ರ ಆ ಕೈ ಎಲ್ಲೈತಿ?"

"ಯಾವ ಕೈ?"

"ಸುಮ್ನ ಉಣ್ಣ ನೀಲಕ್ಕಾ," ಎಂದಳು ಸುನಂದಾ.

"ಯಾಕ ಸುಮ್ನಿರಲಿ? ದಿನಾ ನನಗ ತೋರಿಸ್ತೀಯಲಾ." ನೀಲಕ್ಕ ಎಡಗೈಯಿಂದ ಸುನಂದಾಳ ಫೋನು ಎಳೆದು ನನ್ನ ಕಡೆ ಚಾಚಿದಳು. "ತಗಿ. ಮೂಲ್ಯಾಗ ನೋಡ."

ಫೋನನ್ನು ಹಲಗೆಯ ಮೇಲಿಟ್ಟು ಫೋಟೋ ತೆಗೆದು, ಸುನಂದಾ ಮಾಡುವ ಹಾಗೆ ಎರಡು ಬೆರಳಿನಿಂದ ಅಗಲ ಮಾಡಿದೆ. ಗೀತಾಳ ತಾಟಿನ ಮೇಲೆ, ಫೋಟೋದ ಅಂಚಿನಿಂದ ಒಂದು ಕೈ ಬಂದಿತ್ತು. ಬರೀ ಕೈ, ಮುಖವಿಲ್ಲ. ಬಡಿಸುವವನದು. ಆ ಕೈಯಲ್ಲಿ ಒಂದು ಉಬ್ಬಿದ ರೊಟ್ಟಿ, ಇನ್ನೂ ಹಬೆಯಾಡುತ್ತಿತ್ತು.

"ನಮ್ಮ ಗೀತಾಗ ಬಿಸಿ ರೊಟ್ಟಿ ತಂದ ಹಾಕಾಕತ್ತಾರ ನೋಡ ನೀಲಕ್ಕಾ, ಅಂತಾಳ ಈಕಿ," ಎಂದಳು ನೀಲಕ್ಕ. "ಸುರೇಶನ್ನ ಯಾರ ನೋಡ್ತಾರ?"

ಸುನಂದಾ ತಲೆ ತಗ್ಗಿಸಿ ಝುಣಕ ಕಲಸುತ್ತಿದ್ದಳು. ನಾನು ನನ್ನ ಕೈಯನ್ನು ನೋಡಿಕೊಂಡೆ. ಅದರಲ್ಲಿ ಇನ್ನೂ ಒಂದು ರೊಟ್ಟಿ ಇತ್ತು. ಸುಟ್ಟು ಒಂದು ತಾಸಾಗಿತ್ತು, ತಣ್ಣಗೆ ಬಿರುಸಾಗಿತ್ತು. ಫೋಟೋದಲ್ಲಿದ್ದ ಎಲ್ಲವನ್ನೂ ತಂದು ಜೋಡಿಸಿದ್ದೆ, ಅವಳು ನೋಡುತ್ತಿದ್ದದ್ದನ್ನು ಮಾತ್ರ ತಂದಿರಲಿಲ್ಲ. ಖರ್ಚಿಲ್ಲದೆ ಮಾಡಿದೆ ಎಂದು ಹಿಗ್ಗಿದ್ದ ಊಟಕ್ಕೆ ಅವಳು ಮಧ್ಯಾಹ್ನದಿಂದ ಒಲೆಯ ಮುಂದೆ ನಿಂತಿದ್ದಳು. ಅಶ್ವಿನಿಯ "ಆತ ಬಿಡಪಾ" ಅಂದರೆ ಏನೆಂದು ಆಗ ತಿಳಿಯಿತು.

ಮರುದಿನ ಗಾಡಿ ಕೊಟ್ಟು, ಹಲಗೆ ಮರಳಿಸಿ, ಬುತ್ತಿ ಬಿಚ್ಚದೆ ಮಧ್ಯಾಹ್ನ ಶೆಡ್ಡಿಗೆ ಬೀಗ ಹಾಕಿದೆ. ಹಿತ್ತಲಿನಿಂದಲೇ ಬಂದೆ. ಮೆಟ್ಟಿಲ ಮೇಲೆ ಇಬ್ಬರೂ ತಾಟು ಹಾಕಿಕೊಂಡು ಕೂತಿದ್ದರು. ನನ್ನ ನೆರಳು ಬಿದ್ದದ್ದೇ ಸುನಂದಾ, ಯಾರೆಂದು ತಲೆ ಎತ್ತಿ ನೋಡುವ ಮೊದಲೇ, ರೂಢಿಯಂತೆ, "ಬರ್ರಿ ಊಟಕ್ಕ," ಎಂದಳು.

ನನಗೂ ರೂಢಿಯಂತೆ "ಆಗೈತಿ" ಎಂದೇ ಬಾಯಿಗೆ ಬಂತು. ನುಂಗಿಕೊಂಡೆ.

"ಬಂದ್ನಿ," ಎಂದೆ.

ಈಗ ಅವಳು ತಲೆ ಎತ್ತಿದಳು. ಏಳಲು ಹೋದಳು. ನಾನು ಏಳಗೊಡದೆ ಒಳಗೆ ಹೋಗಿ ಒಲೆ ಹಚ್ಚಿದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ, ಬರುತ್ತದೆಂದು ಹೇಳಿಕೊಳ್ಳುವಷ್ಟು ಜಂಬವೂ ಇಲ್ಲ. ಮುಂಜಾನೆಯ ರೊಟ್ಟಿಗಳು ಬುಟ್ಟಿಯಲ್ಲಿದ್ದವು. ಹೆಂಚು ಕಾಯಿಸಿ ಒಂದೊಂದನ್ನೇ ನೀರು ಚಿಮುಕಿಸಿ ಬಿಸಿ ಮಾಡಿದೆ. ಕಬ್ಬಿಣ ಹಿಡಿದ ಕೈಗೆ ಚಿಮಟ ಬೇಕಾಗಲಿಲ್ಲ. ಬರಿಗೈಯಲ್ಲಿ ತಂದು ಸುನಂದಾಳ ತಾಟಿಗೆ ಒಂದು ಹಾಕಿದೆ, ನೀಲಕ್ಕನಿಗೆ ಒಂದು. ಮೊದಲನೆಯದು ಒಂದು ಕಡೆ ಕಪ್ಪಾಗಿತ್ತು.

"ಬೆಸಗಿ ಹಾಕ್ಯಾನ ನೋಡ," ಎಂದಳು ನೀಲಕ್ಕ.

ಸುನಂದಾ ಅಂಗೈಯನ್ನು ಆ ರೊಟ್ಟಿಯ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡಳು.

ನನ್ನ ಬುತ್ತಿಯ ಡಬ್ಬಿ ತಂದು ಮೂರನೆಯ ಮೆಟ್ಟಿಲಿಗೆ ಕೂತೆ. ಎದುರಿಗೆ ಕೂರಲಿಲ್ಲ, ಎದುರಿಗೆ ಕೂತರೆ ಅವಳಿಗೆ ತುತ್ತು ಇಳಿಯುವುದಿಲ್ಲ. ಎಮ್ಮೆಯ ಕಡೆ ಮುಖ ಮಾಡಿ ಕೂತೆ. ಹಿಂದೆ ಉಗುರಿನ ಸಪ್ಪಳ, ಪದರ ಬಿಡುವ ಸಪ್ಪಳ ಕೇಳಿತು. ಆಮೇಲೆ ಬಳೆಯ ಸಪ್ಪಳದ ಜೊತೆ ಒಂದು ಕೈ ನನ್ನ ಭುಜದ ಮೇಲಿನಿಂದ ಬಂದು ಡಬ್ಬಿಯ ಮುಚ್ಚಳದಲ್ಲಿ ಏನೋ ಇಟ್ಟಿತು. ಕಾಗದದಷ್ಟು ತೆಳ್ಳಗಿತ್ತು, ಬಿಸಿಯಿತ್ತು, ಅರ್ಧವಿತ್ತು.

"ಅಲ್ಲ ಯವ್ವಾ," ಎಂದಳು ನೀಲಕ್ಕ, "ಅದು ನಂದಲ್ಲೇನ?"

ನಾನು ತಿರುಗಿ ನೋಡಿದೆ. ಸುನಂದಾ ಚಟ್ನಿಯ ಕಡೆ ಬಾಗಿದ್ದಳು. ನೀಲಕ್ಕ ನನ್ನ ಮುಚ್ಚಳದ ಮೇಲೆ ಇಟ್ಟ ಕಣ್ಣು ತೆಗೆದಿರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಹುಕ್ಕೇರಿಯ ಬಿಳಿ ಕಾರನ್ನು ನಾನು ಅದೇ ಕಣ್ಣಿನಿಂದ ನೋಡುತ್ತ ಬಂದಿದ್ದೇನೆ.

ನ್ಯಾಯವಾಗಿ ಅವಳಿಗೊಂದು ತುಣುಕು ಮುರಿದು ಕೊಡಬೇಕಿತ್ತು. ಕೊಡಲಿಲ್ಲ. ಎಮ್ಮೆಯ ಕಡೆ ತಿರುಗಿ, ಅಷ್ಟನ್ನೂ ಒಮ್ಮೆಲೇ ಬಾಯಿಗಿಟ್ಟುಕೊಂಡೆ.